ತಂದೆಯ ಹಾರಾಟ, ಮಗಳ ನೆನಪು

ಕುಡಚಡೆಯ ನಿಲ್ದಾಣದಲ್ಲಿ ವಾಸ್ಕೊ ಕಡೆಯ ರೈಲು ಹತ್ತಿದವರು ಮಡಗಾಂವವನ್ನು ದಾಟಿ, ಪಯಣದ ಕೊನೆಯ ಹಂತದಲ್ಲಿ ದಾಬೋಳಿಯನ್ನು ಹಾದುಹೋಗುತ್ತಾರೆ. ಪ್ರವಾಸಿಗರನ್ನು ಹೊತ್ತ ವಿಮಾನಗಳು ಇಳಿಯುವ ಆ ನೆಲದಲ್ಲಿಯೇ ನೌಕಾಪಡೆಯ ‘ಹಂಸ’ ನೆಲೆಯೂ ಇದೆ. ಅಲ್ಲಿಂದ ಮೇಲೇಳುವ ಹೆಲಿಕಾಪ್ಟರಿನ ಸದ್ದು ಕೇಳಿದೊಡನೆ ಮಕ್ಕಳು ಕಿಟಕಿಗೆ ಮುಖವೊಡ್ಡಿ ಕೈಬೀಸುತ್ತಾರೆ. ಕೈಬೀಸಿದ್ದು ಯಂತ್ರಕ್ಕೆ. ಆ ಯಂತ್ರದೊಳಗೆ ಕುಳಿತವನೂ ಯಾವುದೋ ಮನೆಯ ತಂದೆ, ಬೆಳಿಗ್ಗೆ ಮಗುವಿನ ಶಾಲೆಯ ಚೀಲವನ್ನು ಎತ್ತಿಕೊಟ್ಟು ಬಂದವನು, ಸಂಜೆ ಮನೆಗೆ ಮರಳಬೇಕಾದವನು ಎಂಬುದು ಆ ಕ್ಷಣದಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಸೇನೆಯ ಪ್ರತಿಯೊಬ್ಬ ಪೈಲಟ್ ಬಳಿಯೂ ಒಂದು ಲಾಗ್‌ಬುಕ್ ಇರುತ್ತದೆ. ಯಾವ ದಿನ, ಯಾವ ಯಂತ್ರ, ಜೊತೆಗೆ ಯಾರು, ಯಾವ ಕೆಲಸ, ಹಗಲಿನಲ್ಲಿ ಎಷ್ಟು ಗಂಟೆ, ಇರುಳಿನಲ್ಲಿ ಎಷ್ಟು ಗಂಟೆ ಎಂಬುದನ್ನೆಲ್ಲ ಅದರಲ್ಲಿ ಸಾಲುಸಾಲಾಗಿ ಬರೆದಿಡಬೇಕು. ಇಪ್ಪತ್ತು ವರ್ಷ ಹಾರಿದವನ ಬದುಕು ಹೀಗೆ ಕೆಲವು ನೂರು ಪುಟಗಳ ಅಂಕಿಗಳಲ್ಲಿ ಅಡಗಿ ಕೂರುತ್ತದೆ. ಅಂಜಿಕೆಗೆ, ಆಯಾಸಕ್ಕೆ, ಮನೆಯ ನೆನಪಿಗೆ ಅದರಲ್ಲಿ ಒಂದು ಕಂಬವೂ ಇಲ್ಲ. ತಂದೆ ತೀರಿಕೊಂಡ ಮೇಲೆ ಮಕ್ಕಳು ತೆರೆದು ನೋಡುವುದು ಇದೇ ಪುಸ್ತಕವನ್ನು. ಅಂಕಿಗಳ ನಡುವಿನ ಮನುಷ್ಯನನ್ನು ಮಾತ್ರ ಅವರು ತಮ್ಮ ನೆನಪಿನಿಂದಲೇ ಕಟ್ಟಿಕೊಳ್ಳಬೇಕಾಗುತ್ತದೆ.

2021ರ ಡಿಸೆಂಬರ್ ತಿಂಗಳಲ್ಲಿ ಇಡೀ ದೇಶ ಇಂಥ ಒಬ್ಬ ತಂದೆಯ ಹೆಸರನ್ನು ಕೇಳಿತು. ಆತ ವಿಂಗ್ ಕಮಾಂಡರ್ ಪೃಥ್ವಿ ಸಿಂಗ್ ಚೌಹಾನ್. ಮನೆ ಆಗ್ರಾದಲ್ಲಿ, ಓದು ರೀವಾದ ಸೈನಿಕ ಶಾಲೆಯಲ್ಲಿ. ವಿಜಯಪುರದ ಸೈನಿಕ ಶಾಲೆಯ ಹೆಸರು ಕೇಳಿ ಬೆಳೆದ ಉತ್ತರ ಕರ್ನಾಟಕದ ಕುಟುಂಬಗಳಿಗೆ ಆ ಶಾಲೆಯ ಬಗೆಯನ್ನು ಬಿಡಿಸಿ ಹೇಳಬೇಕಿಲ್ಲ. 2000ದಲ್ಲಿ ವಾಯುಪಡೆಯನ್ನು ಸೇರಿದ ಆತ ಮುಂದೆ ತಮಿಳುನಾಡಿನ ಸೂಲೂರು ನೆಲೆಯ 109ನೇ ಹೆಲಿಕಾಪ್ಟರ್ ಘಟಕದ ಮುಖ್ಯಸ್ಥನಾದ. ಡಿಸೆಂಬರ್ 8ರ ಬೆಳಿಗ್ಗೆ 11 ಗಂಟೆ 48 ನಿಮಿಷಕ್ಕೆ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್, ಅವರ ಪತ್ನಿ ಹಾಗೂ ಇತರರನ್ನು ಹೊತ್ತ ಎಂಐ-17 ವಿ5 ಹೆಲಿಕಾಪ್ಟರ್ ಸೂಲೂರಿನಿಂದ ಮೇಲೆದ್ದಿತು. ನೀಲಗಿರಿಯ ವೆಲ್ಲಿಂಗ್ಟನ್ ತಲುಪಲು ಬೇಕಾದದ್ದು ಅರ್ಧ ಗಂಟೆಗಿಂತ ಕಡಿಮೆ ಸಮಯ. 12 ಗಂಟೆ 8 ನಿಮಿಷದ ಸುಮಾರಿಗೆ ಸಂಪರ್ಕ ಕಡಿಯಿತು. ಕೂನೂರಿನ ಬಳಿಯ ನಂಜಪ್ಪಛತ್ರ ಎಂಬ ಪುಟ್ಟ ಊರಿನ ಮಗ್ಗುಲಿಗೆ ಅದು ಉರಿಯುತ್ತ ಬಿದ್ದಿತು. ಊರಿನವರು ಕಂಬಳಿ ಹೊದಿಕೆಗಳನ್ನು ಹಿಡಿದು ಓಡಿಬಂದರು. ಹೆಲಿಕಾಪ್ಟರಿನಲ್ಲಿದ್ದ 14 ಜನರಲ್ಲಿ 13 ಜನ ಅಂದೇ ತೀರಿಕೊಂಡರು.

ಮೂರು ದಿನಗಳ ತರುವಾಯ ಆಗ್ರಾದಲ್ಲಿ ಪೃಥ್ವಿ ಸಿಂಗ್ ಅವರ ಅಂತ್ಯಕ್ರಿಯೆ ನಡೆಯಿತು. ಚಿತೆಗೆ ಅಗ್ನಿ ಸ್ಪರ್ಶಿಸಿದವರಲ್ಲಿ ಹನ್ನೆರಡು ವರ್ಷದ ಮಗಳೂ ಅವಳ ಪುಟ್ಟ ತಮ್ಮನೂ ಇದ್ದರು. ಅಲ್ಲಿ ನೆರೆದಿದ್ದ ವರದಿಗಾರರಿಗೆ ಆ ಹುಡುಗಿ ಹೇಳಿದ ಮಾತುಗಳು ಮರುದಿನ ಪತ್ರಿಕೆಗಳಲ್ಲಿ ಬಂದವು. ಅಂಕಗಳ ಬೆನ್ನು ಹತ್ತಬೇಡ, ಓದಿನ ಕಡೆಗೆ ಗಮನವಿಡು, ಅಂಕಗಳು ತಾವಾಗಿಯೇ ಹಿಂಬಾಲಿಸುತ್ತವೆ ಎಂದು ತಂದೆ ತನಗೆ ಹೇಳುತ್ತಿದ್ದರೆಂದು ಅವಳು ನೆನೆದಳು. ತಾನೂ ತಂದೆಯಂತೆ ವಾಯುಪಡೆಯ ಪೈಲಟ್ ಆಗಬೇಕೆಂದಿದ್ದೇನೆ ಎಂದೂ ಹೇಳಿದಳು.

ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ದೇಶದ ಅತ್ಯುನ್ನತ ಸೇನಾಧಿಕಾರಿಯನ್ನು ಕರೆದೊಯ್ಯುವಷ್ಟು ವಿಶ್ವಾಸ ಗಳಿಸಿದ್ದ ಪೈಲಟ್ ಆತ. ಮಗಳು ತಂದೆಯ ಸಾಹಸವನ್ನು ಹೇಳಲಿಲ್ಲ, ಹುದ್ದೆಯನ್ನು ಹೇಳಲಿಲ್ಲ. ಮೊದಲು ಅವಳ ಬಾಯಿಗೆ ಬಂದದ್ದು ಓದಿನ ಮೇಜಿನ ಬಳಿ ತಂದೆ ಹೇಳಿದ ಒಂದು ಮಾತು. ಮಕ್ಕಳ ನೆನಪು ಪದಕಗಳ ಕಡೆಗೆ ಹೋಗುವುದಿಲ್ಲ. ತಮ್ಮೊಡನೆ ತಂದೆ ಕಳೆದ ಸಣ್ಣ ಗಳಿಗೆಗಳ ಕಡೆಗೆ ಹೋಗುತ್ತದೆ. ಹಾರಾಟದ ಕರೆಗೆ ಹಗಲಿರುಳೆನ್ನದೆ ಓಡಬೇಕಾದ ತಂದೆಗೆ ಅಂಥ ಗಳಿಗೆಗಳು ಎಷ್ಟು ದಕ್ಕಿದ್ದವೋ ಏನೋ. ದಕ್ಕಿದ ಹೊತ್ತಿನಲ್ಲಿ ಆತ ಮಗಳಿಗೆ ಸರಿಯಾದದ್ದನ್ನೇ ಹೇಳಿದ್ದ ಎಂಬುದಕ್ಕೆ ಅವಳ ನೆನಪೇ ಸಾಕ್ಷಿ.

ಅದೇ ಹೆಲಿಕಾಪ್ಟರಿನಲ್ಲಿದ್ದ ಇನ್ನೊಬ್ಬ ತಂದೆಯ ಮಾತು ಇದರ ಪಕ್ಕದಲ್ಲಿ ಇಟ್ಟು ನೋಡುವಂಥದು. ದುರಂತದಲ್ಲಿ ಬದುಕುಳಿದು, ಮೈಯೆಲ್ಲ ಸುಟ್ಟು, ಬೆಂಗಳೂರಿನ ಕಮಾಂಡ್ ಆಸ್ಪತ್ರೆಗೆ ಬಂದು ಸೇರಿದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಅವರಿಗಾಗಿ ಕನ್ನಡ ನಾಡಿನ ಜನ ಒಂದು ವಾರ ಹರಕೆ ಹೊತ್ತರು. ಡಿಸೆಂಬರ್ 15ರಂದು ಅವರೂ ತೀರಿಕೊಂಡರು. ಅವರು ತೇಜಸ್ ಯುದ್ಧವಿಮಾನದ ಪೈಲಟ್. ಹಿಂದಿನ ವರ್ಷ ಆಕಾಶದಲ್ಲಿ ಹತೋಟಿ ತಪ್ಪಿದ ತೇಜಸ್ಸನ್ನು ಬಿಟ್ಟು ಜಿಗಿಯದೆ ಕ್ಷೇಮವಾಗಿ ನೆಲಕ್ಕೆ ತಂದುದಕ್ಕೆ ಶೌರ್ಯ ಚಕ್ರ ಪಡೆದವರು. ಆ ಗೌರವ ಬಂದ ತರುವಾಯ, ದುರಂತಕ್ಕೆ ಮೂರು ತಿಂಗಳಷ್ಟೇ ಮೊದಲು, ತಾವು ಓದಿದ ಚಂಡಿಮಂದಿರದ ಸೇನಾ ಶಾಲೆಯ ಮುಖ್ಯಸ್ಥರಿಗೆ ಅವರು ಒಂದು ಪತ್ರ ಬರೆದಿದ್ದರು. ತಾನು ಶಾಲೆಯಲ್ಲಿ ಸಾಧಾರಣ ವಿದ್ಯಾರ್ಥಿಯಾಗಿದ್ದೆ. ಸಾಧಾರಣನಾಗಿರುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಶಾಲೆಯ ಅಂಕಗಳೇ ಮುಂದಿನ ಬದುಕಿನ ಅಳತೆ ಎಂದು ಯಾರೂ ನಂಬಬಾರದು. ಮನಸ್ಸಿಗೆ ಒಪ್ಪಿದ ಕೆಲಸವನ್ನು ಕಂಡುಕೊಂಡು ಅದಕ್ಕೆ ತನ್ನನ್ನು ಪೂರ್ತಿಯಾಗಿ ಕೊಟ್ಟುಕೊಳ್ಳಬೇಕು ಎಂಬುದು ಆ ಪತ್ರದ ತಿರುಳು. ಒಂದೇ ಯಂತ್ರದಲ್ಲಿ ಪಯಣಿಸಿದ ಇಬ್ಬರು ತಂದೆಯರು ಬಿಟ್ಟುಹೋದ ಮಾತು ಒಂದೇ ಆಗಿರುವುದು ಕಾಕತಾಳೀಯವಿರಬಹುದು. ಆಕಾಶದಲ್ಲಿ ತಮ್ಮ ಕೌಶಲವನ್ನೇ ನೆಚ್ಚಿ ಬದುಕಿದವರು ಅಂಕಪಟ್ಟಿಯ ಬೆಲೆಯನ್ನು ನೆಲದ ಮೇಲಿದ್ದವರಿಗಿಂತ ಚೆನ್ನಾಗಿ ಅರಿತಿದ್ದರು ಎಂದೂ ಹೇಳಬಹುದು.

ದುಃಖದ ಮೇಲೆ ಇನ್ನೊಂದು ಭಾರವೂ ಇಂಥ ಮನೆಗಳ ಮೇಲೆ ಬೀಳುತ್ತದೆ. ಅದು ತನಿಖೆಯ ಭಾರ. 2022ರ ಜನವರಿಯಲ್ಲಿ ಪ್ರಕಟವಾದ ಪ್ರಾಥಮಿಕ ವರದಿಯು ಯಂತ್ರದ ದೋಷ, ಬುಡಮೇಲು ಕೃತ್ಯ, ನಿರ್ಲಕ್ಷ್ಯ ಈ ಮೂರನ್ನೂ ತಳ್ಳಿಹಾಕಿತು. ಕಣಿವೆಯ ಹವೆ ಅನಿರೀಕ್ಷಿತವಾಗಿ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿತು, ಪೈಲಟ್‌ಗೆ ದಿಕ್ಕಿನ ಅರಿವು ತಪ್ಪಿತು, ಹತೋಟಿಯಲ್ಲಿಯೇ ಇದ್ದ ಯಂತ್ರ ನೆಲಕ್ಕೆ ಬಡಿಯಿತು ಎಂದು ಅದು ಹೇಳಿತು. ಮೂರು ವರ್ಷಗಳ ಬಳಿಕ, 2024ರ ಡಿಸೆಂಬರ್‌ನಲ್ಲಿ, ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿಯೊಂದು ಹೊರಬಂತು. 2017ರಿಂದ 2022ರವರೆಗಿನ ಅವಧಿಯಲ್ಲಿ ವಾಯುಪಡೆಯಲ್ಲಿ ನಡೆದ 34 ಅಪಘಾತಗಳ ಪಟ್ಟಿ ಅದರಲ್ಲಿತ್ತು. ಡಿಸೆಂಬರ್ 8ರ ಸಾಲಿನ ಎದುರು ಕಾರಣವೆಂದು ನಮೂದಾಗಿದ್ದದ್ದು ಚಾಲಕ ಸಿಬ್ಬಂದಿಯ ‘ಮಾನವ ದೋಷ’ ಎಂಬುದು. ಪತ್ರಿಕೆಗಳ ತಲೆಬರಹಗಳಿಗೆ ಆ ಎರಡು ಪದಗಳೇ ಸಾಕಾದವು.

ತಂದೆಯನ್ನು ಕಳೆದುಕೊಂಡ ಮನೆಯೊಂದು ಆ ಎರಡು ಪದಗಳನ್ನು ಹೇಗೆ ಓದಬೇಕು? ಇದು ಆಗ್ರಾದ ಒಂದು ಮನೆಯ ಪ್ರಶ್ನೆ ಮಾತ್ರವಲ್ಲ. ಉತ್ತರ ಕಂಡುಕೊಳ್ಳಲು ಮೋಡದೊಳಗೆ ಮನುಷ್ಯನಿಗೆ ಏನಾಗುತ್ತದೆಂಬುದನ್ನು ತಿಳಿಯಬೇಕು.

ಮನುಷ್ಯನ ಕಿವಿಯ ಒಳಭಾಗದಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ಯಾವ ಕಡೆಗೆ ತಿರುಗಿತೆಂಬುದನ್ನು ಮಿದುಳಿಗೆ ತಿಳಿಸುವುದು ಅವುಗಳ ಕೆಲಸ. ಶಾಲೆಯ ಅಂಗಳದಲ್ಲಿ ಗಿರಗಿರನೆ ಸುತ್ತಿ ತಟ್ಟನೆ ನಿಂತ ಮಗುವಿಗೆ ಲೋಕವೇ ಸುತ್ತುತ್ತಿರುವಂತೆ ಕಾಣುವುದು ಆ ದ್ರವ ಇನ್ನೂ ಚಲಿಸುತ್ತಿರುವುದರಿಂದ. ನೆಲದ ಮೇಲೆ ಕಣ್ಣು ಈ ತಪ್ಪನ್ನು ಬೇಗನೆ ತಿದ್ದುತ್ತದೆ. ಮೋಡದೊಳಗೆ ಕಣ್ಣಿಗೆ ಆಸರೆಯಾಗಲು ಬೆಟ್ಟವಿಲ್ಲ, ಬಯಲಿಲ್ಲ, ದಿಗಂತವಿಲ್ಲ; ಸುತ್ತಲೂ ಬಿಳುಪು ಮಾತ್ರ. ಯಂತ್ರ ಒಂದೇ ಸಮನೆ ಒಂದು ಕಡೆಗೆ ಬಾಗಿ ತಿರುಗುತ್ತಿದ್ದರೆ, ಸ್ವಲ್ಪ ಹೊತ್ತಿನಲ್ಲಿ ಕಿವಿಯ ದ್ರವವೂ ಅದರೊಡನೆ ಹೊಂದಿಕೊಂಡು, ಎಲ್ಲವೂ ನೇರವಾಗಿದೆ ಎಂಬ ಭಾವವನ್ನೇ ಕೊಡುತ್ತದೆ. ನೇರಮಾಡಲು ಹೊರಟರೆ ಎದುರು ದಿಕ್ಕಿಗೆ ಉರುಳಿದಂತಾಗುತ್ತದೆ. ಮೈ ಹೇಳಿದ್ದನ್ನು ನಂಬದೆ ಮುಂದಿರುವ ಮಾಪಕಗಳನ್ನು ಮಾತ್ರ ನಂಬಬೇಕೆಂದು ಪೈಲಟ್‌ಗಳಿಗೆ ವರ್ಷಗಟ್ಟಲೆ ಕಲಿಸುವುದು ಇದಕ್ಕಾಗಿಯೇ. ಬಯಲಿನ ಮೇಲೆ ಹಾಗೆ ನಂಬಿ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಎರಡೂ ಕಡೆ ಬೆಟ್ಟಗಳಿರುವ ಇಕ್ಕಟ್ಟಿನ ಕಣಿವೆಯಲ್ಲಿ ಸಿಗುವುದು ಕೆಲವೇ ಕ್ಷಣಗಳು. ಮಳೆಗಾಲದಲ್ಲಿ ಕುಳೆಯಿಂದ ದೂಧಸಾಗರದ ಮೇಲಕ್ಕೆ ರೈಲಿನಲ್ಲಿ ಹೋದವರಿಗೆ, ಈಗ ಕಾಣುತ್ತಿದ್ದ ಕಣಿವೆ ಮರುಕ್ಷಣದಲ್ಲಿ ಹೇಗೆ ಇಲ್ಲವಾಗುತ್ತದೆಂಬುದು ಗೊತ್ತು. ರೈಲಿಗೆ ಹಳಿಯಿದೆ. ಹೆಲಿಕಾಪ್ಟರಿಗೆ ಹಳಿಯಿಲ್ಲ.

ಹೆಲಿಕಾಪ್ಟರ್ ನಡೆಸುವ ಕೆಲಸವೇ ಅಂಥದು. ಬಲಗೈಯ ದಂಡ ಯಂತ್ರವನ್ನು ಹಿಂದೆ, ಮುಂದೆ, ಅಕ್ಕಪಕ್ಕಕ್ಕೆ ಒಯ್ಯುತ್ತದೆ. ಎಡಗೈಯ ಹಿಡಿ ಮೇಲೆ, ಕೆಳಗೆ ಮಾಡುತ್ತದೆ. ಪಾದಗಳ ಕೆಳಗಿನ ಪೆಡಲ್‌ಗಳು ಮೂತಿಯನ್ನು ತಿರುಗಿಸುತ್ತವೆ. ಒಂದನ್ನು ಅಲುಗಿಸಿದರೆ ಉಳಿದೆರಡನ್ನೂ ತಿದ್ದಬೇಕು. ಎರಡು ಕೈ, ಎರಡು ಕಾಲು, ಕಣ್ಣು, ಕಿವಿ ಇವೆಲ್ಲ ಒಂದೇ ಮನಸ್ಸಿನ ಕೆಳಗೆ ಬಿಡುವಿಲ್ಲದೆ ದುಡಿಯುತ್ತಿರಬೇಕು. ಇಷ್ಟನ್ನು ತಿಳಿದವರಿಗೆ ‘ಮಾನವ ದೋಷ’ ಎಂಬ ಮಾತು ಆರೋಪದ ಮಾತಾಗಿ ಕೇಳಿಸಲಾರದು. ಅದು ತಾಂತ್ರಿಕ ವರ್ಗೀಕರಣದ ಪದ. ಮುಂದಿನವರು ಅದೇ ಸ್ಥಿತಿಗೆ ಸಿಲುಕದಂತೆ ಪಾಠ ಕಲಿಯಲು ಅದು ಬೇಕು; ಅದನ್ನು ಮುಚ್ಚಿಡುವುದು ಮುಂದೆ ಹಾರುವವರಿಗೆ ಮಾಡುವ ಅನ್ಯಾಯವಾದೀತು. ಆದರೆ ದೋಷ ಬೇರೆ, ಅಪರಾಧ ಬೇರೆ. ಕಿವಿಯ ದ್ರವ ಸುಳ್ಳು ಹೇಳುವುದು ಮನುಷ್ಯ ಶರೀರದ ಮಿತಿ. ಕರ್ತವ್ಯವನ್ನು ಉಪೇಕ್ಷಿಸುವುದು ಗುಣದ ಮಿತಿ. ಮೊದಲ ವರದಿ ನಿರ್ಲಕ್ಷ್ಯವನ್ನು ಸ್ಪಷ್ಟವಾಗಿ ತಳ್ಳಿಹಾಕಿದ್ದನ್ನು ಎರಡನೆಯ ವರದಿಯ ಎರಡು ಪದಗಳ ನಡುವೆ ಮರೆಯಬಾರದು. ಎರಡೂ ವರದಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಬಲ್ಲಷ್ಟು ದೊಡ್ಡವಳಾದ ದಿನ, ಆ ಮಗಳು ತಂದೆಯ ನೆನಪಿನಲ್ಲಿ ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ.

ಹೆಲಿಕಾಪ್ಟರ್ ಪೈಲಟ್‌ಗಳ ಕೆಲಸಕ್ಕೆ ಇನ್ನೊಂದು ಲಕ್ಷಣವಿದೆ. ಅದು ಹೆಸರಿಲ್ಲದ ಕೆಲಸ. 1961ರ ಡಿಸೆಂಬರ್ 19ರಂದು ಪಣಜಿಯನ್ನು ಪ್ರವೇಶಿಸಿದ 50ನೇ ಪ್ಯಾರಾ ಬ್ರಿಗೇಡಿನ ಮುಖ್ಯಸ್ಥ ಸಗತ್ ಸಿಂಗ್ ಅವರ ಹೆಸರು ಗೋವೆಯಲ್ಲಿ ಪರಿಚಿತ. ಹತ್ತು ವರ್ಷಗಳ ಬಳಿಕ, 1971ರ ಡಿಸೆಂಬರ್‌ನಲ್ಲಿ, ಅದೇ ಸಗತ್ ಸಿಂಗ್ ಪೂರ್ವ ಬಂಗಾಳದ ಮೇಘನಾ ನದಿಯ ದಡದಲ್ಲಿ ನಿಂತಿದ್ದರು. ಶತ್ರುಗಳು ಸೇತುವೆಯನ್ನು ಒಡೆದಿದ್ದರು. ನದಿಯನ್ನು ದಾಟಲು ದೋಣಿಗಳಿಗೆ ಕಾಯುವಂತಿರಲಿಲ್ಲ. ಆಗ ಗ್ರೂಪ್ ಕ್ಯಾಪ್ಟನ್ ಚಂದನ್ ಸಿಂಗ್ ಅವರ ಮುಂದಾಳ್ತನದಲ್ಲಿ ಎಂಐ-4 ಹೆಲಿಕಾಪ್ಟರ್‌ಗಳು ಇರುಳೆಲ್ಲ ಹಾರಿ, ಕೈದೀಪಗಳ ಗುರುತಿನ ಮೇಲೆ ಇಳಿದು, ಸೈನಿಕರನ್ನು ಆಚೆ ದಡ ಸೇರಿಸಿದವು. ಢಾಕಾದ ದಾರಿ ತೆರೆಯಿತು. ಸೇನಾಪತಿಯ ಹೆಸರು ಪಠ್ಯಪುಸ್ತಕಗಳಿಗೆ ಬಂತು. ಆ ಇರುಳು ನದಿಯ ಮೇಲೆ ಮತ್ತೆ ಮತ್ತೆ ಹಾರಿದ ಪೈಲಟ್‌ಗಳ ಹೆಸರುಗಳು ಅವರವರ ಲಾಗ್‌ಬುಕ್ಕುಗಳಲ್ಲಿ ಉಳಿದವು.

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಕಥೆ ಇನ್ನೂ ಹತ್ತಿರದ್ದು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸಮುದ್ರಮಟ್ಟದಿಂದ 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು 10 ಸೈನಿಕರು ಹೂತುಹೋದರು. ಆರು ದಿನಗಳ ಬಳಿಕ, ಹಿಮದಡಿಯಲ್ಲಿ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. ಹೆಲಿಕಾಪ್ಟರ್ ಅವರನ್ನು ಹಿಮನದಿಯ ಮೇಲಿಂದ ಕೆಳಗೆ ತಂದಿತು. ಅಲ್ಲಿಂದ ದೆಹಲಿಗೆ ಒಯ್ದರು. ಫೆಬ್ರವರಿ 11ರಂದು ಅವರು ತೀರಿಕೊಂಡಾಗ ಕನ್ನಡನಾಡಿನ ಊರೂರುಗಳಲ್ಲಿ ಜನ ತಮ್ಮ ಮನೆಯ ಮಗನನ್ನೇ ಕಳೆದುಕೊಂಡವರಂತೆ ಅತ್ತರು. ಕುಡಚಡೆಯಲ್ಲಿಯೂ, ವಾಸ್ಕೊದಲ್ಲಿಯೂ ನೆಲೆಸಿರುವ ಧಾರವಾಡ, ಗದಗ, ಹಾವೇರಿ ಕಡೆಯ ಕುಟುಂಬಗಳಿಗೆ ಆ ಹೆಸರು ಇಂದಿಗೂ ನೆನಪಿದೆ. ಗಾಳಿ ತೆಳುವಾದಷ್ಟೂ ಹೆಲಿಕಾಪ್ಟರಿನ ರೆಕ್ಕೆಗಳಿಗೆ ಹಿಡಿತ ಕಡಿಮೆ. ಆ ಎತ್ತರದಲ್ಲಿ ಒಬ್ಬ ಮನುಷ್ಯನ ತೂಕವನ್ನು ಹೊತ್ತು ಮೇಲೇಳುವುದೂ ಯಂತ್ರದ ಶಕ್ತಿಯ ಅಂಚಿನ ಕೆಲಸ. ಆ ಬೆಳಿಗ್ಗೆ ಬೆಟದೂರಿನ ಮನೆಯೊಂದಕ್ಕೆ ಎರಡು ದಿನಗಳ ಆಸೆಯನ್ನಾದರೂ ತಂದುಕೊಟ್ಟ ಪೈಲಟ್ ಯಾರೆಂದು ಬೆಟದೂರಿಗೆ ತಿಳಿಯದು. ಅವನ ಮಕ್ಕಳಿಗಾದರೂ ತಿಳಿದಿರಬೇಕು. ತಂದೆ ಹೇಳಿದ್ದರೆ ತಿಳಿದಿರುತ್ತದೆ. ಹೇಳದೆ ಹೋದರೆ ಅದು ಪುಸ್ತಕದ ಒಂದು ಸಾಲಾಗಿ, ದಿನಾಂಕ ಮತ್ತು ನಿಮಿಷಗಳ ಲೆಕ್ಕವಾಗಿ ಮಾತ್ರ ಉಳಿಯುತ್ತದೆ.

ಸಿಯಾಚಿನ್‌ನ ಠಾಣೆಗಳನ್ನು 1984ರಿಂದ ಸಲಹುತ್ತ ಬಂದಿರುವ ಚೀತಾ ಮತ್ತು ಚೇತಕ್ ಹೆಲಿಕಾಪ್ಟರ್‌ಗಳು ತಯಾರಾದದ್ದು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ. ಭಾರತದಲ್ಲಿಯೇ ರೂಪುಗೊಂಡ ಧ್ರುವ್ ಮೊದಲ ಸಲ ನೆಲ ಬಿಟ್ಟದ್ದು ಅದೇ ಊರಿನಲ್ಲಿ, 1992ರ ಆಗಸ್ಟ್ 20ರಂದು. 2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ಹೆಲಿಕಾಪ್ಟರ್‌ಗಳಿಗೆಂದೇ ಹೊಸ ಕಾರ್ಖಾನೆ ಆರಂಭವಾಯಿತು. ಹಾರಿಸಿದ ತಂದೆಯರಂತೆ, ಕಾರ್ಖಾನೆಯಲ್ಲಿ ತಿರುಪು ಬಿಗಿದ ತಂದೆಯರೂ ಕನ್ನಡದ ಮನೆಗಳಲ್ಲಿ ಸಾವಿರಾರು ಜನರಿದ್ದಾರೆ. ಅವರ ಕೆಲಸವನ್ನು ಯಾರೂ ಕೇಳಲಿಲ್ಲ. ಕೇಳದ ಕಾರಣ ಅವರೂ ಹೇಳಲಿಲ್ಲ.

ಮಾತು ಇಲ್ಲಿ ಕುಡಚಡೆಯ ಕನ್ನಡ ಮನೆಗಳ ಹೊಸ್ತಿಲಿಗೆ ಬರುತ್ತದೆ. ಇಲ್ಲಿಯ ಬಹುಪಾಲು ತಂದೆಯರು ಆಕಾಶದಲ್ಲಿ ಹಾರಿದವರಲ್ಲ. ಗಣಿಯಿಂದ ಜುವಾರಿಯ ದಂಡೆಗೆ ಅದಿರಿನ ಲಾರಿ ನಡೆಸಿದವರು, ಬಾರ್ಜುಗಳಲ್ಲಿ ದುಡಿದವರು, ಗಾರೆ ಕೆಲಸ ಮಾಡಿದವರು, ಸಂತೆಯಲ್ಲಿ ತರಕಾರಿ ಇಟ್ಟವರು. 2012ರಲ್ಲಿ ಗಣಿಗಾರಿಕೆ ನಿಂತಾಗ ಲಾರಿಯ ಚಕ್ರದೊಡನೆ ಎಷ್ಟೋ ಮನೆಗಳ ಸಂಸಾರವೂ ನಿಂತಿತು. ಆ ದಿನಗಳನ್ನು ತಂದೆ ಹೇಗೆ ನಿಭಾಯಿಸಿದನೆಂಬುದು ಎಷ್ಟು ಮಕ್ಕಳಿಗೆ ಗೊತ್ತು? ತಂದೆಯರು ತಮ್ಮ ಕಷ್ಟವನ್ನು ಮಕ್ಕಳ ಮುಂದೆ ಇಡುವುದಿಲ್ಲ. ಅದು ಅವರ ದೊಡ್ಡತನ. ಆದರೆ ಆ ಮೌನದ ಬೆಲೆಯನ್ನು ತೆರುವವರು ಮಕ್ಕಳು. ತಂದೆ ಇಲ್ಲವಾದ ಮೇಲೆ ಅವರ ಕೈಯಲ್ಲಿ ಉಳಿಯುವುದು ಒಂದು ಚಾಲನಾ ಪರವಾನಗಿ, ಒಂದು ಪಡಿತರ ಚೀಟಿ, ಮದುವೆಯ ಒಂದು ಫೋಟೊ. ಲಾಗ್‌ಬುಕ್ಕಾದರೂ ಪೈಲಟ್‌ನ ಮನೆಗೆ ಇದೆ. ಲಾರಿ ನಡೆಸಿದವನ ಮನೆಗೆ ಅದೂ ಇಲ್ಲ.

ನಾಡಿನಿಂದ ಹೊರಗೆ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಇದರಲ್ಲಿ ಇನ್ನೊಂದು ನಷ್ಟವೂ ಇದೆ. ತಂದೆಯ ಕೆಲಸದೊಡನೆ ತಂದೆಯ ಮಾತೂ ಹೋಗುತ್ತದೆ. ಹೊಲದಲ್ಲಿ ಕುಂಟೆ ಹೊಡೆದವನು ಆಡುವ ಮಾತು, ಬಂದರಿನಲ್ಲಿ ಸರಕು ಇಳಿಸಿದವನು ಆಡುವ ಮಾತು ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ. ಬೀದಿಯಲ್ಲಿ ಕೊಂಕಣಿ, ಪೇಟೆಯಲ್ಲಿ ಹಿಂದಿ, ಮೊಬೈಲಿನಲ್ಲಿ ಇಂಗ್ಲಿಷ್ ಕೇಳುವ ಮಗುವಿಗೆ ಕನ್ನಡದ ಕಸುವು ದೊರೆಯುವುದು ಮನೆಯ ಹಿರಿಯರು ಮನಬಿಚ್ಚಿ ಆಡಿದ ಮಾತಿನಿಂದಲೇ.

ಆದುದರಿಂದ ಶಾಲೆಯ ಒಂದು ನೂರು ಪುಟದ ನೋಟುಪುಸ್ತಕವನ್ನು ತಂದೆಯ ಹೆಸರಿನಲ್ಲಿ ಎತ್ತಿಡುವುದು ಪ್ರತಿ ಮನೆಗೂ ಸಾಧ್ಯವಾದ ಕೆಲಸ. ಪೈಲಟ್‌ನ ಪುಸ್ತಕದಂತೆಯೇ ಅದರಲ್ಲಿಯೂ ಕಂಬಗಳಿರಲಿ: ಯಾವ ವರ್ಷ, ಯಾವ ಊರು, ಯಾವ ಕೆಲಸ, ಜೊತೆಗೆ ಯಾರು. ಕೊನೆಯ ಕಂಬವೊಂದನ್ನು ಮಾತ್ರ ಸೇನೆಯ ಪುಸ್ತಕದಲ್ಲಿಲ್ಲದ ಸಂಗತಿಗಾಗಿ ಮೀಸಲಿಡಬೇಕು; ಆ ದಿನ ಅಪ್ಪನಿಗೆ ಏನನ್ನಿಸಿತು ಎಂಬುದಕ್ಕೆ. ವಾರಕ್ಕೊಂದು ಸಂಜೆ, ಊಟದ ಬಳಿಕ, ಮಗು ಕೇಳಬೇಕು, ತಂದೆ ಹೇಳಬೇಕು, ಮಗು ತನ್ನ ಕೈಬರಹದಲ್ಲಿ ಬರೆದುಕೊಳ್ಳಬೇಕು. ಕಾಗುಣಿತದ ತಪ್ಪುಗಳಿದ್ದರೆ ಇರಲಿ. ತಂದೆ ತೀರಿಕೊಂಡ ಮನೆಯಲ್ಲಿ ತಾಯಿಯೋ ಅಜ್ಜಿಯೋ ಸೋದರಮಾವನೋ ಹೇಳಲಿ. ತಡವಾದಷ್ಟೂ ಹೇಳುವವರ ಸಂಖ್ಯೆ ಕಡಿಮೆಯಾಗುತ್ತದೆ.

ಬಿಡುವಿನ ಭಾನುವಾರದಲ್ಲಿ ಅದೇ ರೈಲು ಹಿಡಿದು, ದಾಬೋಳಿಗೆ ಹತ್ತಿರದ ಬೊಗಮಾಳೊ ರಸ್ತೆಯಲ್ಲಿರುವ ನೌಕಾ ವಿಮಾನ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯಬಹುದು. ಕೆಲಸ ಮುಗಿಸಿದ ಹಳೆಯ ವಿಮಾನಗಳ ನಡುವೆ ಬೆಂಗಳೂರಿನಲ್ಲಿ ತಯಾರಾದ ಚೇತಕ್ ಕೂಡ ಅಲ್ಲಿ ನಿಂತಿದೆ. ಅದರ ಗಾಜಿನೊಳಗೆ ಕಾಣುವ ಖಾಲಿ ಆಸನವನ್ನು ಮಕ್ಕಳಿಗೆ ತೋರಿಸಿ, ಇಲ್ಲಿ ಕುಳಿತಿದ್ದವರು ಯಾರಿರಬಹುದು ಎಂದು ಕೇಳಬಹುದು. ಮರಳುವ ರೈಲಿನಲ್ಲಿ, ತಾನು ಮೊದಲ ಸಲ ಲಾರಿಯ ಸ್ಟಿಯರಿಂಗ್ ಹಿಡಿದ ದಿನ ಹೇಗಿತ್ತು ಎಂದು ತಂದೆ ಹೇಳತೊಡಗಿದರೆ, ನೋಟುಪುಸ್ತಕದ ಮೊದಲ ಸಾಲು ಕುಡಚಡೆ ತಲುಪುವ ಮುನ್ನವೇ ಸಿದ್ಧವಾಗಿರುತ್ತದೆ.